ರೆಡಿಸ್: ಕಾನ್ಫಿಗ್ ಸೆಟ್ ಮಾಡಿದ್ದು ರೀಸ್ಟಾರ್ಟ್ ಆದರೆ ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ:
ನಮ್ಮ ರೆಡಿಸ್ (ಡೇಟಾವನ್ನು ಮೆಮರಿಯಲ್ಲೇ ಇಡುವ ಡೇಟಾಬೇಸ್) ಡಾಕರ್ ಕಂಟೇನರ್ (ಪ್ರೋಗ್ರಾಮನ್ನು ಬೇರೆಯಾಗಿ ಓಡಿಸುವ ಪೆಟ್ಟಿಗೆ) ಒಳಗೆ ಓಡುತ್ತಿದೆ, ಸುಮ್ನೆ ಕ್ಯಾಶ್‌ಗೆ, ಅಂದರೆ ಬೇಗ ಸಿಗಲಿ ಅಂತ ತಾತ್ಕಾಲಿಕ ನಕಲು ಇಡಲಿಕ್ಕೆ ಇಟ್ಟದ್ದು. ಮೆಮರಿ ತಿಂದು ತಿಂದು ಮಷೀನೇ ಒದ್ದಾಡತೊಡಗಿತು, ಅದಕ್ಕೆ ರೆಡಿಸ್-ಸಿಎಲ್‌ಐ (ರೆಡಿಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಮ್) ತೆರೆದು ‘ಕಾನ್ಫಿಗ್ ಸೆಟ್ ಮ್ಯಾಕ್ಸ್‌ಮೆಮರಿ 2ಜಿಬಿ’ ಅಂತ ಮೆಮರಿಗೆ ಮಿತಿ ಕೊಟ್ಟೆ. ಓಕೆ ಅಂತ ಬಂತು. ನಿನ್ನೆ ಕಂಟೇನರ್ ರೀಸ್ಟಾರ್ಟ್ ಆದಮೇಲೆ ‘ಕಾನ್ಫಿಗ್ ಗೆಟ್’ ಮಾಡಿ ನೋಡಿದರೆ ಮತ್ತೆ 0, ಅಂದರೆ ಮಿತಿಯೇ ಇಲ್ಲ. ಪ್ರತಿ ಸಲ ನಾನೇ ಎದ್ದು ಕೂತು ಟೈಪ್ ಮಾಡಬೇಕಾ?

ಉತ್ತರ 1:
ಕಾನ್ಫಿಗ್ ಸೆಟ್ ಬದಲಿಸುವುದು ಓಡುತ್ತಿರುವ ಪ್ರೋಸೆಸ್ಸನ್ನು ಮಾತ್ರ, ಫೈಲ್ ಮುಟ್ಟುವುದಿಲ್ಲ. ಆಮೇಲೆ ‘ಕಾನ್ಫಿಗ್ ರೀರೈಟ್’ ಕೊಡಿ, ಈಗಿನ ಸೆಟ್ಟಿಂಗ್ ರೆಡಿಸ್ ಡಾಟ್ ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿಗೆ ಬರೆದುಕೊಳ್ಳುತ್ತದೆ, ನೀವು ಬರೆದಿಟ್ಟ ಕಾಮೆಂಟುಗಳನ್ನೂ ಆದಷ್ಟು ಹಾಗೇ ಉಳಿಸುತ್ತದೆ. ರೆಡಿಸ್ 2.8 ಆವೃತ್ತಿಯಿಂದಲೂ ಇದೆ ಇದು.

ಪ್ರಶ್ನೆ ಕೇಳಿದವರು:
ಕೊಟ್ಟೆ ಸರ್. ಸರ್ವರ್ ಕಾನ್ಫಿಗ್ ಫೈಲ್ ಇಲ್ಲದೆ ಓಡುತ್ತಿದೆ ಅಂತ ಎರರ್ ಬರುತ್ತಿದೆ.

ಉತ್ತರ 2:
ಬರಲೇಬೇಕು. ಡಾಕರ್ ಇಮೇಜನ್ನು ಹಾಗೇ ಓಡಿಸಿದರೆ ಅದಕ್ಕೆ ಫೈಲೇ ಇರುವುದಿಲ್ಲ, ಬರೆಯುವುದಾದರೂ ಎಲ್ಲಿಗೆ? ‘ಇನ್ಫೋ ಸರ್ವರ್’ ಕೊಟ್ಟು ನೋಡಿ, ಕಾನ್ಫಿಗ್ ಫೈಲ್ ಅನ್ನುವ ಸಾಲು ಖಾಲಿ ಇರುತ್ತದೆ. ನನ್ನ ಪ್ರಕಾರ ಕಂಟೇನರಿನಲ್ಲಿ ರೀರೈಟ್ ಸಹವಾಸವೇ ಬೇಡ. ಕಂಪೋಸ್ ಫೈಲಿನ (ಕಂಟೇನರ್ ಹೇಗೆ ಓಡಿಸಬೇಕು ಅಂತ ಡಾಕರ್‌ಗೆ ಹೇಳುವ ಫೈಲ್) ಕಮಾಂಡ್ ಸಾಲಿನಲ್ಲೇ ಮ್ಯಾಕ್ಸ್‌ಮೆಮರಿ ಬರೆದುಬಿಡಿ, ಅದು ಗಿಟ್‌ನಲ್ಲೂ (ಫೈಲಿನ ಬದಲಾವಣೆಗಳ ದಾಖಲೆ ಇಡುವ ಟೂಲ್) ಇರುತ್ತದೆ, ಯಾರು ಯಾವಾಗ ಬದಲಿಸಿದರು ಅಂತಲೂ ಗೊತ್ತಾಗುತ್ತದೆ. ಕಾನ್ಫಿಗ್ ಸೆಟ್ ಏನಿದ್ದರೂ ರಾತ್ರಿ 2 ಗಂಟೆಗೆ ಬೆಂಕಿ ಆರಿಸಲಿಕ್ಕೆ.

ಅಂದಹಾಗೆ ಮ್ಯಾಕ್ಸ್‌ಮೆಮರಿ ಪಾಲಿಸಿ ಏನಿಟ್ಟಿದ್ದೀರಿ? ಡೀಫಾಲ್ಟ್ ನೋಎವಿಕ್ಷನ್. ಅಂದರೆ 2ಜಿಬಿ ತುಂಬಿದಮೇಲೆ ಹಳೆಯ ಕೀ ಯಾವುದನ್ನೂ ತೆಗೆಯುವುದಿಲ್ಲ, ಹೊಸದಾಗಿ ಬರೆಯಲು ಹೋದರೆ ಓಓಎಂ, ಅಂದರೆ ಮೆಮರಿ ಮುಗಿದಿದೆ ಅನ್ನುವ ಎರರ್ ಎಸೆಯುತ್ತದೆ. ಬರೀ ಕ್ಯಾಶ್ ಆದರೆ ಆಲ್‌ಕೀಸ್-ಎಲ್‌ಆರ್‌ಯು (ಬಹಳ ಹೊತ್ತಿನಿಂದ ಬಳಸದ ಕೀಗಳನ್ನು ತೆಗೆಯುವ ಪಾಲಿಸಿ) ಸಾಕು.

ಉತ್ತರ 3:
ಫೈಲಿನಲ್ಲಿ ಬರೆಯುವುದೇ ಸರಿ ಅಂತ ಎಲ್ಲದಕ್ಕೂ ಹಾಗೇ ಮಾಡಬೇಡಿ, ಒಂದು ಕಡೆ ಅದು ಉಲ್ಟಾ. ಆರ್‌ಡಿಬಿ (ಆಗಾಗ ಇಡೀ ಡೇಟಾದ ಪ್ರತಿಯನ್ನು ಡಿಸ್ಕಿಗೆ ಬರೆಯುವುದು) ಮಾತ್ರ ಇರುವ ಸರ್ವರಿಗೆ ಮುಂದೆ ಎಒಎಫ್ (ಪ್ರತಿ ಬದಲಾವಣೆಯನ್ನೂ ಡಿಸ್ಕಿನ ಫೈಲಿಗೆ ಸೇರಿಸುತ್ತಾ ಹೋಗುವುದು) ಬೇಕು ಅನಿಸಿದರೆ, ಫೈಲಿನಲ್ಲಿ ‘ಅಪೆಂಡ್‌ಓನ್ಲಿ ಯೆಸ್’ ಮಾಡಿ ರೀಸ್ಟಾರ್ಟ್ ಕೊಟ್ಟೀರಿ ಜೋಕೆ! ಡೇಟಾ ಹೋಗಬಹುದು, ಯಾಕೆಂದರೆ ಎಒಎಫ್ ಆನ್ ಇದ್ದಾಗ ರೆಡಿಸ್ ಅದನ್ನೇ ನಂಬಿ ಏಳುತ್ತದೆ, ಅದರಲ್ಲಿ ಇನ್ನೂ ಏನೂ ಇರುವುದಿಲ್ಲ ಅಲ್ವಾ. ನಾನು ಟೆಸ್ಟ್ ಮಷೀನಿನಲ್ಲಿ ಹೀಗೇ ಮಾಡಿಕೊಂಡು ಪೆಚ್ಚಾಗಿ ಕೂತಿದ್ದೆ. ಮೊದಲು ಓಡುತ್ತಿರುವಾಗಲೇ ಕಾನ್ಫಿಗ್ ಸೆಟ್‌ನಿಂದ ಆನ್ ಮಾಡಿ, ‘ಇನ್ಫೋ ಪರ್ಸಿಸ್ಟೆನ್ಸ್’ ನೋಡುತ್ತಾ ಎಒಎಫ್ ಬರೆದು ಮುಗಿಯುವ ತನಕ ಕಾಯಿರಿ, ಆಮೇಲೆ ಫೈಲ್ ಬದಲಿಸಿ.

ಪ್ರಶ್ನೆ ಕೇಳಿದವರು:
ಕಂಪೋಸ್‌ನಲ್ಲಿ ಹಾಕಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ, ಉಳಿದಿದೆ. ಪಾಲಿಸಿ ನೋಎವಿಕ್ಷನ್ನೇ ಇತ್ತು ಮಾರಾಯರೇ. ಮೊನ್ನೆ ಮಧ್ಯಾಹ್ನ ಲಾಗಿನ್ ಆಗುತ್ತಿಲ್ಲ ಅಂತ ಬಂದ ಫೋನುಗಳೆಲ್ಲ ಯಾಕೆ ಅಂತ ಈಗ ಗೊತ್ತಾಯಿತು.