ಪೀಸ್ ವಾಯುನೆಲೆ ಬಾವಿ: 2014ರವರೆಗೆ ಯಾಕೆ ಗೊತ್ತಾಗಲಿಲ್ಲ?

ತುಮಕೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಪೋರ್ಟ್ಸ್‌ಮತ್‌ನ ಹಳೇ ಪೀಸ್ ವಾಯುನೆಲೆ ತಗೊಂಡಿದ್ದೇನೆ. 1990ರಲ್ಲೇ ಅದು ಸೂಪರ್‌ಫಂಡ್ ಪಟ್ಟಿಗೆ (ಶುದ್ಧ ಮಾಡಲೇಬೇಕಾದ ತೀರಾ ಕಲುಷಿತ ಜಾಗಗಳ ಸರ್ಕಾರಿ ಪಟ್ಟಿ) ಸೇರಿದೆ, 1991ರಲ್ಲಿ ನೆಲೆ ಮುಚ್ಚಿದೆ. ಆಮೇಲೆ ಪರೀಕ್ಷೆ, ಶುದ್ಧೀಕರಣ ಎಲ್ಲಾ ನಡೆದಿದೆ. ಆದರೂ ಹೇವನ್ ಅನ್ನೋ ಕುಡಿಯುವ ನೀರಿನ ಬಾವಿಯನ್ನು, ಲೀಟರಿಗೆ 2,500 ನ್ಯಾನೋಗ್ರಾಂ ಪಿಎಫ್‌ಒಎಸ್ (ಸುಲಭವಾಗಿ ನಾಶವಾಗದ ಒಂದು ರಾಸಾಯನಿಕ) ಸಿಕ್ಕಿತು ಅಂತ ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಅಲ್ಲಿವರೆಗೆ ಯಾರೂ ನೀರು ಟೆಸ್ಟ್ ಮಾಡಲಿಲ್ವಾ?

ಕೋಲಾರದ ಬೋರ್‌ವೆಲ್:
ಮಾಡಿದ್ದಾರಮ್ಮ, ಬೇಕಾದಷ್ಟು. ಆದರೆ ಹುಡುಕಿದ್ದು ಬೇರೆಯದನ್ನ. ಆಗಿನ ಪರೀಕ್ಷೆಯ ಪಟ್ಟಿಯಲ್ಲಿ ಇದ್ದದ್ದು ಯಂತ್ರದ ಜಿಡ್ಡು ತೊಳೆಯೋ ಟಿಸಿಇ, ಸೋರಿದ ಇಂಧನ, ಇಂಥವು. ಬೆಂಕಿ ಆರಿಸೋ ನೊರೆಯಲ್ಲಿದ್ದ ಪಿಎಫ್‌ಒಎಸ್ ಆ ಪರೀಕ್ಷೆಯಲ್ಲಿ ಕಾಣೋದೇ ಇಲ್ಲ, ಅದಕ್ಕೆ ಬೇರೆ ಯಂತ್ರ, ಬೇರೆ ವಿಧಾನ ಬೇಕು. ಲ್ಯಾಬ್‌ನವರು ಕೇಳಿದ್ದಕ್ಕಷ್ಟೇ ಉತ್ತರ ಕೊಡೋದು. ಅದಕ್ಕೇ ಹಳೇ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಅಂತ ಕಂಡರೆ, ಮೊದಲು ಕೊನೇ ಪುಟಕ್ಕೆ ಹೋಗಿ ಯಾವ ಯಾವ ರಾಸಾಯನಿಕ ನೋಡಿದ್ದರು ಅಂತ ಓದು.

ಇನ್ನೊಂದು, ಸ್ಯಾಂಪಲ್‌ಗೆ ಅಂತ ಬಾವಿ ಕೊರೆಯೋ ಮೊದಲು ಜಾಗದ ಚರಿತ್ರೆ ಹಿಡಿ. ಫೈರ್ ಟ್ರೇನಿಂಗ್ ಮೈದಾನ ಎಲ್ಲಿತ್ತು? ಇಂಧನ ಸುರಿದು, ಬೆಂಕಿ ಹಚ್ಚಿ, ನೊರೆ ಹೊಡೆದು ಆರಿಸ್ತಿದ್ದರು, ವರ್ಷಗಟ್ಟಲೆ. ವಿಮಾನ ನಿಲ್ಲಿಸೋ ಹ್ಯಾಂಗರ್ ಯಾವುದು, ಚರಂಡಿ ಎಲ್ಲಿಗೆ ಹೋಗ್ತಿತ್ತು? ಹಳೇ ವೈಮಾನಿಕ ಫೋಟೊ ನೋಡು. ಆಗಿನ ಅಗ್ನಿಶಾಮಕದವರು ಸಿಕ್ಕರೆ ಕೂತು ಮಾತಾಡು.

ಬಾಸ್ಟನ್ ಭಟ್ಟ:
ಸುಮ್ನೆ ಕೇಳ್ತೀನಿ, ಲೀಟರಿಗೆ 2,500 ನ್ಯಾನೋಗ್ರಾಂ ಅಂದರೆ ಎಷ್ಟು ಮಹಾ? ಇಷ್ಟಕ್ಕೆ ಇಷ್ಟು ಗಲಾಟೆಯಾ?

ಕೋಲಾರದ ಬೋರ್‌ವೆಲ್:
ಭಟ್ರೇ, ಆಗ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳಿದ್ದ ಸಲಹಾ ಮಟ್ಟವೇ 200. 2024ರಲ್ಲಿ ಬಂದ ಮಿತಿ ಬರೀ 4. ಇದು ದೇಹದಿಂದ ಬೇಗ ಹೊರಗೆ ಹೋಗಲ್ಲ, ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತೆ. ನೆಲೆ ಮುಚ್ಚಿದ ಮೇಲೆ ಅಲ್ಲಿ ಆಫೀಸು, ಮಕ್ಕಳ ಡೇಕೇರ್ ಎಲ್ಲಾ ಬಂದಿತ್ತು. ಆ ಮಕ್ಕಳು ಅದೇ ನೀರು ಕುಡಿದಿದ್ದು. ಅಪ್ಪ ಅಮ್ಮಂದಿರು ಪಟ್ಟು ಹಿಡಿದ ಮೇಲೆ 2015ರಲ್ಲಿ ರಕ್ತ ಪರೀಕ್ಷೆ ಶುರುವಾಯ್ತು, 1,500ಕ್ಕೂ ಜಾಸ್ತಿ ಜನ ಮಾಡಿಸಿಕೊಂಡರು. ಗಲಾಟೆ ಕಮ್ಮಿಯೇ ಆಯ್ತು ಅಂತೀನಿ.

ತುಮಕೂರು ಹುಡುಗಿ:
ಥ್ಯಾಂಕ್ಸ್ ಸರ್. ನೀರು ಯಾವ ಕಡೆ ಹರಿಯುತ್ತೆ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?

ಕೋಲಾರದ ಬೋರ್‌ವೆಲ್:
ಒಂದೇ ಸಾಲಲ್ಲಿ ಇಲ್ಲದ ಕನಿಷ್ಠ ಮೂರು ಬಾವಿ ಬೇಕು. ಒಂದೇ ದಿನ ಮೂರರಲ್ಲೂ ನೀರಿನ ಮಟ್ಟ ಅಳೆದರೆ ಇಳಿಜಾರು ಯಾವ ಕಡೆಗೆ ಅಂತ ಲೆಕ್ಕ ಹಾಕಬಹುದು. ಬಂಡೆಗೆ ಇಳಿದರೆ ಮಾತ್ರ ಈ ಲೆಕ್ಕ ನಂಬಬೇಡ, ಅಲ್ಲಿ ನೀರು ಬಿರುಕು ಹೋದ ಕಡೆ ಹೋಗುತ್ತೆ. ನಮ್ಮೂರಲ್ಲಿ ಪಕ್ಕಪಕ್ಕದ ಎರಡು ಬೋರಲ್ಲಿ ಒಂದಕ್ಕೆ ನೀರು, ಒಂದಕ್ಕೆ ಬರೀ ಧೂಳು ಬರಲ್ವಾ, ಹಾಗೇ. ಟಿಸಿಇ ನೀರಿಗಿಂತ ಭಾರ, ಬಿರುಕಲ್ಲಿ ಕೆಳಗೆ ಇಳಿಯುತ್ತೆ. ಇಂಧನ ಮೇಲೆ ತೇಲುತ್ತೆ. ಪಿಎಫ್‌ಒಎಸ್ ಕರಗಿ ನೀರಿನ ಜೊತೆಗೇ ದೂರ ಹೋಗುತ್ತೆ.

ಲ್ಯಾಬ್ ಲಲಿತಕ್ಕ:
ಸ್ಯಾಂಪಲ್ ತೆಗೆಯೋಕೆ ಹೋದಾಗ ಮಳೆ ಜಾಕೆಟ್ ಹಾಕ್ಕೊಂಡು ಹೋಗಬೇಡಮ್ಮ. ನೀರು ಹಿಡಿಯದ ಬಟ್ಟೆಯಲ್ಲಿ ಅದೇ ಜಾತಿಯ ರಾಸಾಯನಿಕ ಇರಬಹುದು. ಟೆಫ್ಲಾನ್ ಕೊಳವೆನೂ ಬೇಡ. ಲ್ಯಾಬ್‌ನವರು ಕೊಟ್ಟ ಪ್ಲಾಸ್ಟಿಕ್ ಬಾಟಲಿಯನ್ನೇ ತಗೋ. ಜೊತೆಗೆ ಶುದ್ಧ ನೀರು ತುಂಬಿದ ಬಾಟಲಿಯೊಂದನ್ನ ಬಾವಿ ಹತ್ರ ಕೊಂಡೊಯ್ದು, ಅಲ್ಲೇ ಇನ್ನೊಂದಕ್ಕೆ ಸುರಿದು ವಾಪಸ್ ಕಳಿಸು. ಅದರಲ್ಲೂ ಪಿಎಫ್‌ಒಎಸ್ ಕಂಡರೆ, ಬಾವಿ ನೀರಿನ ಸಂಖ್ಯೆಯನ್ನೂ ಹಾಗೇ ನಂಬೋಕಾಗಲ್ಲ.