ಜನವರಿಯಲ್ಲಿ ಉನ್‌ಸ್ಟಾಡ್‌ನಲ್ಲಿ ಸರ್ಫಿಂಗ್: 5 ಮಿ.ಮೀ. ಸೂಟ್ ಸಾಕಾ?

ಮರಳುಗಾಲು:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ನಾರ್ವೆಯ ಲೋಫೋಟೆನ್‌ಗೆ ಹೋಗುತ್ತಿದ್ದೇನೆ. ಉನ್‌ಸ್ಟಾಡ್ ಕೊಲ್ಲಿಯಲ್ಲಿ ನಾಲ್ಕು ದಿನ ಅಲೆ ಹಿಡಿಯುವ ಆಸೆ. ಎರಡು ವರ್ಷದಿಂದ ಸರ್ಫ್ ಮಾಡುತ್ತಿದ್ದೇನೆ, ಆದರೆ ಎಲ್ಲಾ ಬೆಚ್ಚಗಿನ ನೀರಿನಲ್ಲೇ. ತಣ್ಣೀರಿಗೆ ಹಾಕುವ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್, ಹಾಕಿಯೇ ಗೊತ್ತಿಲ್ಲ. ಗೆಳೆಯನ 5 ಮಿ.ಮೀ. ಸೂಟ್ ಇದೆ, ನನಗೆ ಸ್ವಲ್ಪ ಸಡಿಲ, ತಲೆ ಮುಚ್ಚುವ ಹುಡ್ ಇಲ್ಲ. ಅದು ಸಾಕಾ? ಎಷ್ಟು ಹೊತ್ತು ನೀರಿನಲ್ಲಿ ಇರಬಹುದು? ಹೋಗುತ್ತಿರುವುದು ಒಬ್ಬನೇ. ಅಷ್ಟು ಉತ್ತರದಲ್ಲಿ ಸಮುದ್ರ ಹೆಪ್ಪುಗಟ್ಟಿರುವುದಿಲ್ವಾ ಅಂತ ಅಮ್ಮ ಕೇಳುತ್ತಿದ್ದಾರೆ. ಅದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ.

ಬಡಗಣ_ಅಲೆ:

ಮೊದಲು ಅಮ್ಮನಿಗೆ ಉತ್ತರ ಕೊಡಿ. ಉನ್‌ಸ್ಟಾಡ್ ಇರುವುದು ಸುಮಾರು 68 ಡಿಗ್ರಿ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಆಚೆ. ಆದರೂ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ನಾರ್ವೆ ತೀರದ ಉದ್ದಕ್ಕೂ ಹರಿಯುವುದರಿಂದ ಅಲ್ಲಿ ಕಡಲು ಹೆಪ್ಪುಗಟ್ಟುವುದಿಲ್ಲ. ಚಳಿಗಾಲದಲ್ಲಿ ನೀರು ಸುಮಾರು 5 ಡಿಗ್ರಿ ಇರುತ್ತದೆ. ಎಷ್ಟೋ ದಿನ ದಡದ ಗಾಳಿಗಿಂತ ನೀರೇ ಬೆಚ್ಚಗೆ.

ಸೂಟ್ ವಿಷಯ. ಗೆಳೆಯನದನ್ನು ಮನೆಯಲ್ಲೇ ಬಿಡಿ. ದಪ್ಪಕ್ಕಿಂತ ನನಗೆ ಜಾಸ್ತಿ ಭಯ ಆ "ಸ್ವಲ್ಪ ಸಡಿಲ" ಎಂಬ ಮಾತು. ಸೂಟ್ ಮೈಗೆ ಅಂಟಿಕೊಂಡಿದ್ದರೆ ಒಳಗೆ ಸೇರಿದ ತುಸು ನೀರು ಮೈ ಶಾಖಕ್ಕೆ ಬೆಚ್ಚಗಾಗಿ ಅಲ್ಲೇ ಉಳಿಯುತ್ತದೆ. ಸಡಿಲವಾಗಿದ್ದರೆ ಪ್ರತಿ ಅಲೆಯೂ ಅದನ್ನು ಹೊರಗೆ ತಳ್ಳಿ ಹೊಸ ತಣ್ಣೀರು ತುಂಬುತ್ತದೆ. ಉನ್‌ಸ್ಟಾಡ್‌ನಲ್ಲೇ ಸರ್ಫ್ ಶಾಲೆ ಇದೆ, ಚಳಿಗಾಲದ ಸೂಟ್ ಬಾಡಿಗೆಗೆ ಸಿಗುತ್ತದೆ. ಹುಡ್ ಇರುವ 6 ಮಿ.ಮೀ. ಸೂಟ್, ದಪ್ಪ ಬೂಟು, ದಪ್ಪ ಗ್ಲೌಸ್ ಕೇಳಿ ತೆಗೆದುಕೊಳ್ಳಿ. ಇಷ್ಟೆಲ್ಲಾ ಹಾಕಿಕೊಂಡರೆ ತೋಳು ಭಾರವಾಗುತ್ತದೆ. ದಿನಾ ಬಳಸುವುದಕ್ಕಿಂತ ದೊಡ್ಡ ಬೋರ್ಡ್ ಇರಲಿ.

ಗ್ಲೌಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನ ಮೊದಲ ಚಳಿಗಾಲದಲ್ಲಿ ತೆಳ್ಳಗಿನ 3 ಮಿ.ಮೀ. ಗ್ಲೌಸ್ ಹಾಕಿಕೊಂಡು ಇಳಿದಿದ್ದೆ. ಮೈ ಬೆಚ್ಚಗಿತ್ತು, ಅಲೆ ಚೆನ್ನಾಗಿತ್ತು. ಇನ್ನೊಂದು, ಇನ್ನೊಂದು ಅಂತ ಉಳಿದೆ. ಪ್ಯಾಡಲ್ ಮಾಡುವಾಗ, ಅಂದರೆ ಬೋರ್ಡ್ ಮೇಲೆ ಮಲಗಿ ಕೈಯಿಂದ ನೀರು ತಳ್ಳುವಾಗ, ಬೆರಳುಗಳು ಅಗಲವಾಗಿ ಬಿಟ್ಟುಕೊಂಡವು, ಒಟ್ಟಿಗೆ ಸೇರಿಸಲು ಆಗಲಿಲ್ಲ. ಅಷ್ಟಕ್ಕೇ ಹೊರಗೆ ಬರಬೇಕಿತ್ತು. ದಡಕ್ಕೆ ಬಂದಾಗ ಬೋರ್ಡನ್ನು ಕಾಲಿಗೆ ಕಟ್ಟುವ ಲೀಷ್ ಬಿಚ್ಚಲಾಗಲಿಲ್ಲ. ಕಾರಿನ ಕೀಲಿ ತಿರುಗಿಸಲಾಗಲಿಲ್ಲ. ಎರಡು ಅಂಗೈ ನಡುವೆ ಕೀಲಿ ಒತ್ತಿ ಹಿಡಿದು ಹಿಮಗಾಳಿಯಲ್ಲಿ ನಿಂತಿದ್ದೆ. ಪಕ್ಕದ ಕಾರಿನವರು ಬಂದು ಬಾಗಿಲು ತೆರೆದು, ಸೂಟ್ ಎಳೆದು ತೆಗೆದರು. ಅವರ ಹೆಸರು ಕೂಡ ಕೇಳಲಿಲ್ಲ, ಈಗಲೂ ನೆನೆಯುತ್ತೇನೆ.

ಹಾಗಾಗಿ ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರ ನೋಡಬೇಡಿ, ಕೈ ನೋಡಿ. ಹೆಬ್ಬೆರಳು ಕಿರುಬೆರಳನ್ನು ಮುಟ್ಟುತ್ತದಾ? ಮುಟ್ಟದಿದ್ದರೆ ಸೀದಾ ದಡಕ್ಕೆ. ಕೈ ಹೋದ ಮೇಲೆ ಬುದ್ಧಿಗೆ ಗೊತ್ತಾದರೂ ಪ್ರಯೋಜನ ಇಲ್ಲ.

ತಣ್ಣೀರಿಗೆ ಬಿದ್ದವರ ಬಗ್ಗೆ 1-10-1 ಎಂಬ ಲೆಕ್ಕ ಹೇಳುತ್ತಾರೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು 1 ಗಂಟೆ. ಸೂಟ್ ಇದ್ದರೆ ಸಮಯ ಎಷ್ಟೋ ಹೆಚ್ಚು, ಆದರೆ ಕ್ರಮ ಅದೇ. ಮೊದಲ ಅಲೆ ಮುಖಕ್ಕೆ ಹೊಡೆದಾಗ ಉಸಿರು ಕಟ್ಟುತ್ತದೆ, ಹಣೆ ಸೀಳಿದ ಹಾಗೆ ನೋವು ಬರುತ್ತದೆ. ಸೊಂಟದ ನೀರಿನಲ್ಲಿ ನಿಂತು ಮುಖಕ್ಕೆ ನೀರು ಎರಚಿಕೊಂಡು, ಉಸಿರು ಸಮ ಆದ ಮೇಲೆ ಮುಂದೆ ಹೋಗಿ.

ಕೊಲ್ಲಿಯ ಎರಡು ಬದಿಯ ಅಲೆಗಳು ಬಂಡೆಗಳ ಮೇಲೆ ಒಡೆಯುತ್ತವೆ, ಅವು ಈ ಸಲ ಬೇಡ. ನಡುವಿನ ದಡ ಸಾಕು. ಒಬ್ಬರೇ ಮಾತ್ರ ಖಂಡಿತ ಇಳಿಯಬೇಡಿ.

ಕಿವಿಮಾತು:

ಮೇಲಿನವರು ಕಿವಿ ಬಿಟ್ಟರು. ತಣ್ಣೀರು, ತಣ್ಣನೆ ಗಾಳಿ ವರ್ಷಗಟ್ಟಲೆ ತಾಗಿದರೆ ಕಿವಿಯ ಕೊಳವೆಯೊಳಗೆ ಮೂಳೆ ಬೆಳೆದು ದಾರಿ ಕಿರಿದಾಗುತ್ತದೆ. ನನಗೆ ಬಲಗಿವಿಯಲ್ಲಿ ಆಗಿದೆ. ನೀರು ಒಳಗೇ ನಿಂತು ಪದೇ ಪದೇ ಸೋಂಕು. ನಾಲ್ಕು ದಿನಕ್ಕೆ ಏನೂ ಆಗಲ್ಲ, ಆದರೆ ಈ ಚಳಿ ಕಡಲು ಒಮ್ಮೆ ಹಿಡಿಸಿದರೆ ನೀವು ಮತ್ತೆ ಹೋಗುತ್ತೀರಿ. ಹುಡ್ ಒಳಗೆ ಇಯರ್‌ಪ್ಲಗ್ ಮೊದಲ ದಿನದಿಂದಲೇ ಇರಲಿ.

ಮರಳುಗಾಲು:

ತುಂಬಾ ಧನ್ಯವಾದ. ಸೂಟ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಮೊದಲೆರಡು ದಿನ ಶಾಲೆಯವರ ಜೊತೆಗೇ ಇಳಿಯುತ್ತೇನೆ. ಆ ತಿಂಗಳಲ್ಲಿ ಬೆಳಕು ಇರುತ್ತದಾ?

ಬಡಗಣ_ಅಲೆ:

ಇರುತ್ತದೆ. ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ನಡುಹಗಲಲ್ಲಿ ಬರೀ ನೀಲಿ ಬೆಳಕು. ನೀವು ಹೋಗುವ ಹೊತ್ತಿಗೆ ಕೆಲವು ಗಂಟೆ ಹಗಲು ಬಂದಿರುತ್ತದೆ. ಸುತ್ತ ಬೆಟ್ಟ ಇರುವುದರಿಂದ ಬಿಸಿಲು ದಡಕ್ಕೆ ಬೀಳುವುದಿಲ್ಲ, ಹಿಮದ ತುದಿಗಳ ಮೇಲೆ ಮಾತ್ರ ಗುಲಾಬಿ ಬಣ್ಣ ನಿಲ್ಲುತ್ತದೆ. ನೀರಿನಲ್ಲಿ ಕೂತು ಅದನ್ನು ನೋಡಿ. 1963ರಲ್ಲಿ ಇಲ್ಲಿ ಮೊದಲು ಅಲೆ ಹಿಡಿದ ಟೋರ್ ಫ್ರಾಂಟ್ಸೆನ್, ಹನ್ಸ್ ಎಗಿಲ್ ಕ್ರಾನೆ ಸಿಡ್ನಿಯಲ್ಲಿ ಸರ್ಫಿಂಗ್ ಕಂಡು, ಊರಿಗೆ ಬಂದು ತಾವೇ ಬೋರ್ಡ್ ಮಾಡಿಕೊಂಡವರು. ಅಲ್ಲಿ ಕೂತಾಗೆಲ್ಲ ನನಗೆ ಅವರ ನೆನಪು ಬರುತ್ತದೆ.

ಒಂದು ಬಿಟ್ಟಿದ್ದೆ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈ ತಣ್ಣಗಾಗುತ್ತಲೇ ಇರುತ್ತದೆ. ಒಣ ಬಟ್ಟೆ, ಉಣ್ಣೆ ಟೋಪಿ, ಫ್ಲಾಸ್ಕ್‌ನಲ್ಲಿ ಬಿಸಿ ಸಿಹಿ ಪಾನೀಯ ರೆಡಿ ಇರಲಿ. ನಡುಕ ನಿಲ್ಲುವವರೆಗೆ ಕಾರು ಓಡಿಸಬೇಡಿ. ಕಾರಿನ ಕೀಲಿಗೆ ಇಡೀ ಕೈ ತೂರುವಷ್ಟು ದೊಡ್ಡ ದಾರದ ಕುಣಿಕೆ ಕಟ್ಟಿಕೊಳ್ಳಿ.