ಪೆಕ್ಕೊ ಕ್ಲಸ್ಟರ್: ಒಂದು ನೋಡ್ ಬಿದ್ದರೆ ಇನ್ನೊಂದೂ ಯಾಕೆ ನಿಲ್ಲುತ್ತೆ?

ಜಾವಾ_ಜೋಗಿ: ಎರಡು ನೋಡ್‌ಗಳ ಅಪಾಚೆ ಪೆಕ್ಕೊ ಕ್ಲಸ್ಟರ್ (ಪೆಕ್ಕೊ ಅಂದರೆ ಮೆಸೇಜ್ ಮೂಲಕ ಮಾತಾಡುವ 'ಆಕ್ಟರ್' ಎಂಬ ಘಟಕಗಳಿಂದ ಪ್ರೋಗ್ರಾಂ ಕಟ್ಟುವ ಜಾವಾ/ಸ್ಕಾಲಾ ಟೂಲ್‌ಕಿಟ್), ಸ್ಪ್ಲಿಟ್ ಬ್ರೇನ್ ರಿಸಾಲ್ವರ್ (ನೋಡ್‌ಗಳ ಸಂಪರ್ಕ ಕಡಿದಾಗ ಯಾವ ಕಡೆ ಉಳಿಯಬೇಕೆಂದು ನಿರ್ಧರಿಸುವ ಭಾಗ) ಆನ್ ಇದೆ, ಮಿಕ್ಕಿದ್ದೆಲ್ಲ ಡೀಫಾಲ್ಟ್. ಎರಡನೇ ನೋಡನ್ನು ಕಿಲ್ -9 ಮಾಡಿದರೆ (ಬಲವಂತವಾಗಿ ಕೊಂದರೆ) ಮೊದಲನೆಯದು ಓಡುತ್ತಲೇ ಇರುತ್ತೆ. ಮೊದಲನೆಯದನ್ನು ಕೊಂದರೆ ಮಾತ್ರ ಅರ್ಧ ನಿಮಿಷದೊಳಗೆ ಎರಡನೆಯದೂ ತಾನಾಗೇ ನಿಲ್ಲುತ್ತೆ. ಇನ್ನೊಂದು ತೊಂದರೆ: ಪೇಮೆಂಟ್ ಆಕ್ಟರ್‌ಗೆ ಆಸ್ಕ್ ಮಾಡಿ (ಮೆಸೇಜ್ ಕಳಿಸಿ ಉತ್ತರಕ್ಕೆ ಕಾದು), ಟೈಮೌಟ್ ಆಯಿತೆಂದು ರಿಟ್ರೈ ಮಾಡಿದಾಗ ಕೆಲವೊಮ್ಮೆ ಎರಡು ಸಲ ಹಣ ಕಟ್ ಆಗುತ್ತೆ.

ಶಾರ್ಡ್_ಸಾವ್ಕಾರ್: ಮೊದಲನೆಯದು ಬಗ್ ಅಲ್ಲ. ರಿಸಾಲ್ವರ್‌ನ ಡೀಫಾಲ್ಟ್ ತಂತ್ರ ಕೀಪ್-ಮೆಜಾರಿಟಿ, ಅಂದರೆ ಹೆಚ್ಚು ನೋಡ್ ಇರುವ ಕಡೆ ಉಳಿಯುತ್ತೆ. ಎರಡು ನೋಡ್ ಇದ್ದು ಸಂಪರ್ಕ ಕಡಿದರೆ 1-1 ಸಮ. ಆಗ ಅತಿ ಚಿಕ್ಕ ಅಡ್ರೆಸ್ ಇರುವ ಕಡೆಯನ್ನು ಉಳಿಸುತ್ತೆ. ಸತ್ತದ್ದೇ ಆ ನೋಡ್ ಆಗಿದ್ದರೆ, ಬದುಕಿರುವುದು 'ನಾನು ಅಲ್ಪಮತ' ಎಂದುಕೊಂಡು ತನ್ನನ್ನೇ ಡೌನ್ ಮಾಡಿಕೊಳ್ಳುತ್ತೆ. ಎದುರಿನದು ಸತ್ತಿದೆಯೋ, ನೆಟ್‌ವರ್ಕ್ ಕಡಿದಿದೆಯೋ ಎಂದು ಅದಕ್ಕೆ ಗೊತ್ತಾಗೋ ದಾರಿಯೇ ಇಲ್ಲ. ಸ್ಟೇಬಲ್-ಆಫ್ಟರ್ (ನಿರ್ಧಾರಕ್ಕೂ ಮುಂಚೆ ಕಾಯುವ ಸಮಯ) 20 ಸೆಕೆಂಡ್, ಅದಕ್ಕೂ ಮುಂಚೆ ಹಾರ್ಟ್‌ಬೀಟ್ (ನೋಡ್‌ಗಳ 'ಬದುಕಿದ್ದೇನೆ' ಸಂಕೇತ) ತಪ್ಪಿದ್ದು ಪತ್ತೆಯಾಗಲು ಕೆಲವು ಸೆಕೆಂಡ್. ನಿಮ್ಮ ಅರ್ಧ ನಿಮಿಷದ ಲೆಕ್ಕ ಅದೇ. ಮೂರು ನೋಡ್ ಮಾಡಿ. ಹಾಗೇ ಎಕ್ಸಿಟ್-ಜೆವಿಎಂ (ಆಕ್ಟರ್ ಸಿಸ್ಟಮ್ ನಿಂತರೆ ಜಾವಾ ಪ್ರೊಸೆಸನ್ನೂ ಮುಗಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ ಆಕ್ಟರ್ ಸಿಸ್ಟಮ್ ಸತ್ತು ಪ್ರೊಸೆಸ್ ಮಾತ್ರ ಹಾಗೇ ಉಳಿಯಬಹುದು, ಯಾರೂ ರೀಸ್ಟಾರ್ಟ್ ಮಾಡಲ್ಲ.

ಇವೆಂಟ್_ಸೋರ್ಸಿ: ಹಣದ ವಿಷಯಕ್ಕೆ ಬರ್ತೀನಿ. ಟೈಮೌಟ್ ಅಂದರೆ ಉತ್ತರ ಬರಲಿಲ್ಲ ಅಂತ ಅಷ್ಟೇ, ಕೆಲಸ ಆಗಿಲ್ಲ ಅಂತಲ್ಲ. ಪೇಮೆಂಟ್ ಐಡಿಯನ್ನು ಕ್ಲೈಂಟ್ ಕಡೆಯೇ, ಮೊದಲ ಪ್ರಯತ್ನಕ್ಕೂ ಮುಂಚೆ ಸೃಷ್ಟಿಸಿ. ರಿಟ್ರೈಗೂ ಅದೇ ಐಡಿ, ಶಾರ್ಡಿಂಗ್‌ನ ಎಂಟಿಟಿ ಐಡಿಯೂ ಅದೇ (ಶಾರ್ಡಿಂಗ್ ಅಂದರೆ ಆಕ್ಟರ್‌ಗಳನ್ನು ನೋಡ್‌ಗಳಿಗೆ ಹಂಚುವುದು; ಒಂದು ಎಂಟಿಟಿ ಐಡಿಗೆ ಒಂದೇ ಆಕ್ಟರ್). ಆಕ್ಟರ್ 'ಕೋರಿಕೆ ಬಂತು' ಎಂಬ ಇವೆಂಟನ್ನು ಪರ್ಸಿಸ್ಟ್ ಮಾಡಿದ (ಶಾಶ್ವತವಾಗಿ ದಾಖಲಿಸಿದ) ಮೇಲಷ್ಟೇ ಪೇಮೆಂಟ್ ಗೇಟ್‌ವೇ ಕರೆಯಬೇಕು, ಆ ಕರೆಯಲ್ಲೂ ಅದೇ ಐಡಿ ಹೋಗಬೇಕು. ರಿಕವರಿಯಲ್ಲಿ (ಆಕ್ಟರ್ ಮತ್ತೆ ಎದ್ದು ಹಳೇ ಇವೆಂಟ್‌ಗಳನ್ನು ಓದುವಾಗ) ಕೋರಿಕೆ ಇದ್ದು 'ಮುಗಿಯಿತು' ಇವೆಂಟ್ ಇಲ್ಲದಿದ್ದರೆ ಮತ್ತೆ ಹಣ ಕಟ್ ಮಾಡಬೇಡಿ, ಗೇಟ್‌ವೇಗೆ ಸ್ಟೇಟಸ್ ಕೇಳಿ.

ಶಾರ್ಡ್_ಸಾವ್ಕಾರ್: ಬೇರೆ ಆಕ್ಟರ್‌ಗಳ ಬಗ್ಗೆ ಒಂದು ಮಾತು. ಪೆಕ್ಕೊದಲ್ಲಿ ಆಕ್ಟರ್ ಬರೆಯಲು ಎರಡು ಎಪಿಐ: ಹಳೆಯ ಕ್ಲಾಸಿಕ್, ಹೊಸ ಟೈಪ್ಡ್. ಟೈಪ್ಡ್ ಎಪಿಐನಲ್ಲಿ ಎಕ್ಸೆಪ್ಶನ್ ಬಂದರೆ ಆಕ್ಟರ್ ನಿಂತೇ ಹೋಗುತ್ತೆ. ಕ್ಲಾಸಿಕ್‌ನಂತೆ ತಾನಾಗೇ ರೀಸ್ಟಾರ್ಟ್ ಆಗಲ್ಲ. ಸೂಪರ್‌ವೈಸ್ (ರೀಸ್ಟಾರ್ಟ್ ಮಾಡಿಸುವ ಹೊದಿಕೆ) ಹೊರಗೆ, ಸೆಟಪ್ (ಆಕ್ಟರನ್ನು ಹೊಸದಾಗಿ ಕಟ್ಟುವ ಭಾಗ) ಒಳಗೆ ಇರಲಿ. ಉಲ್ಟಾ ಬರೆದರೆ ರೀಸ್ಟಾರ್ಟ್ ಆದಮೇಲೂ ಹಳೇ ಆಬ್ಜೆಕ್ಟೇ, ಕೆಟ್ಟ ಫೀಲ್ಡ್‌ಗಳ ಸಮೇತ, ವಾಪಸ್ ಬರುತ್ತೆ. ಎಕ್ಸೆಪ್ಶನ್ ತಂದ ಮೆಸೇಜ್ ಹೇಗಿದ್ದರೂ ಹೋಯಿತು. ಮೇಲ್‌ಬಾಕ್ಸ್‌ನಲ್ಲಿ ಕಾಯುತ್ತಿರುವವು, ರೀಸ್ಟಾರ್ಟ್ ಆದರೆ, ಉಳಿಯುತ್ತವೆ.

ಜಾವಾ_ಜೋಗಿ: ಇರೋದೇ ಎರಡು ದೊಡ್ಡ ಮಷೀನ್. ಮೂರನೆಯದಕ್ಕೆ ಬಜೆಟ್ ಇಲ್ಲ.

ಇವೆಂಟ್_ಸೋರ್ಸಿ: ಓಟಿಗಷ್ಟೇ ಒಂದು ಪುಟ್ಟ ವಿಎಂ (ವರ್ಚುವಲ್ ಮಷೀನ್) ಸಾಕು. ಎರಡು ದೊಡ್ಡ ನೋಡ್‌ಗಳಿಗೆ ಒಂದು ರೋಲ್ (ಗುರುತಿನ ಹೆಸರು) ಕೊಟ್ಟು ಶಾರ್ಡಿಂಗನ್ನು ಆ ರೋಲ್‌ಗೆ ಕಟ್ಟಿಹಾಕಿ. ರಿಸಾಲ್ವರ್‌ನ ರೋಲ್ ಮಾತ್ರ ಖಾಲಿ ಬಿಡಿ, ಆಗ ಮೂರೂ ಎಣಿಕೆಗೆ ಸೇರುತ್ತವೆ. ಆ ವಿಎಂ ಈ ಎರಡರಲ್ಲಿ ಯಾವ ಮಷೀನ್ ಮೇಲೂ ಕೂರಬಾರದು. ಕೂತರೆ ಆ ಮಷೀನ್ ಬಿದ್ದ ದಿನ ಬಹುಮತವೂ ಅದರ ಜೊತೆಗೇ ಹೋಗುತ್ತೆ.